ಮಾತಿಗೆ ಒಂದು ಅಳತೆ, ಫ್ಯಾಕ್ಸ್‌ಗೆ ಇನ್ನೊಂದು: ಮುಕ್ತ ತಂತ್ರಾಂಶದ ದೂರವಾಣಿ ಸಲಕರಣೆಗಳ ವಿಮರ್ಶೆ

ಅಂತರಜಾಲದ ಮೂಲಕ ದೂರವಾಣಿ ನಡೆಸುವ ಮುಕ್ತ ತಂತ್ರಾಂಶಗಳ ಬಗ್ಗೆ ಬರುವ ಪರಿಚಯ ಲೇಖನಗಳು ಬಹುತೇಕ ಧ್ವನಿಯ ಗುಣಮಟ್ಟವನ್ನು ಹೊಗಳುತ್ತ ಆರಂಭವಾಗಿ, ಫ್ಯಾಕ್ಸ್‌ನ ವಿಷಯಕ್ಕೆ ಬಂದಾಗ 'ಅದಕ್ಕೂ ಅನುಕೂಲವಿದೆ' ಎಂಬ ಒಂದೇ ಸಾಲಿನಲ್ಲಿ ಮುಗಿದುಬಿಡುತ್ತವೆ. ಈ ವಿಮರ್ಶೆಯಲ್ಲಿ ಫ್ಯಾಕ್ಸನ್ನೇ ಒರೆಗಲ್ಲಾಗಿ ಇಟ್ಟುಕೊಂಡಿದ್ದೇನೆ. ಮನುಷ್ಯನ ಕಿವಿ ಉದಾರಿ. ಧ್ವನಿಯನ್ನು ತುಂಡುತುಂಡಾಗಿ ಹೊತ್ತು ಸಾಗುವ ನೂರು ಪ್ಯಾಕೆಟ್‌ಗಳಲ್ಲಿ ಒಂದು ದಾರಿಯಲ್ಲೇ ಕಳೆದುಹೋದರೂ ಕೇಳುಗನಿಗೆ ಅದು ಗೊತ್ತಾಗದೇ ಹೋಗಬಹುದು, ಗೊತ್ತಾದರೂ 'ಏನಂದಿರಿ?' ಎಂದು ಕೇಳಿ ಸರಿಪಡಿಸಿಕೊಳ್ಳುತ್ತಾನೆ. ಫ್ಯಾಕ್ಸ್ ಯಂತ್ರಕ್ಕೆ ಆ ಔದಾರ್ಯವಿಲ್ಲ. ಆದ್ದರಿಂದ ಒಂದು ತಂತ್ರಾಂಶ ಎಷ್ಟು ಗಟ್ಟಿ, ಅದು ಕೈಕೊಟ್ಟಾಗ ಕಾರಣವನ್ನು ಹುಡುಕುವುದು ಎಷ್ಟು ಸುಲಭ ಎಂಬುದು ಮಾತಿನ ಕರೆಗಿಂತ ಫ್ಯಾಕ್ಸ್ ಕರೆಯಲ್ಲೇ ಬೇಗ ಬಯಲಾಗುತ್ತದೆ. ಫ್ಯಾಕ್ಸ್ ಹಳತಾಯಿತು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅದು ಹಳತಾದದ್ದು ನಿಜ, ಆದರೆ ಚಿಕಿತ್ಸಾಲಯಗಳೂ ವಕೀಲರ ಕಚೇರಿಗಳೂ ವಿಮಾ ವ್ಯವಹಾರದವರೂ ಅದನ್ನು ಕೇಳುವುದನ್ನು ಇನ್ನೂ ನಿಲ್ಲಿಸಿಲ್ಲ.

ನೆಲೆಗಟ್ಟಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದು ಕಷ್ಟ. ಇಲ್ಲಿ ಹೆಸರಿಸುವ ತಂತ್ರಾಂಶಗಳೆಲ್ಲ ಹೆಚ್ಚುಕಡಿಮೆ ಸಿಪ್ ಎಂಬ ಸಂಕೇತ ಶಿಷ್ಟಾಚಾರದ ಮೇಲೆ ನಿಂತಿವೆ. ಅದು ಮೊದಲು ಪ್ರಕಟವಾದದ್ದು 1999ರಲ್ಲಿ. ಇಂದಿಗೂ ಆಧಾರವಾಗಿರುವ ಪ್ರಮಾಣಕ ದಾಖಲೆ ಆರ್‌ಎಫ್‌ಸಿ 3261 ಬಂದದ್ದು 2002ರಲ್ಲಿ. ಸಿಪ್ ಕರೆಯನ್ನು ಹೊಂದಿಸಿಕೊಡುತ್ತದೆ, ಮುಗಿಸುತ್ತದೆ. ಧ್ವನಿಯನ್ನು ಹೊರುವುದು ಆರ್‌ಟಿಪಿ ಎಂಬ ಬೇರೆ ಶಿಷ್ಟಾಚಾರ, ಅದು ಹಾದುಹೋಗುವುದು ಬೇರೆ ಪೋರ್ಟ್‌ಗಳಲ್ಲಿ, ಅಂದರೆ ಯಂತ್ರದ ಬೇರೆ ಸಂಖ್ಯೆಯ ಬಾಗಿಲುಗಳಲ್ಲಿ. ಕರೆ ಕೂಡಿಕೊಂಡೂ ಒಂದು ಬದಿಗೆ ಮಾತ್ರ ಧ್ವನಿ ಕೇಳಿಸುವ ಪ್ರಸಿದ್ಧ ತೊಂದರೆಯ ಮೂಲ ಈ ಎರಡು ದಾರಿಗಳಲ್ಲೇ ಇದೆ. ಧ್ವನಿಯನ್ನು ಅಂಕೀಕರಿಸುವ ಕೊಡೆಕ್‌ಗಳಲ್ಲಿ ಹಳೆಯದೂ ಎಲ್ಲೆಡೆ ಸಲ್ಲುವಂಥದೂ ಆದ ಜಿ.711 ಸೆಕೆಂಡಿಗೆ 64 ಕಿಲೋಬಿಟ್ ಬಳಸುತ್ತದೆ. 20 ಮಿಲಿಸೆಕೆಂಡಿಗೊಂದರಂತೆ ಪ್ಯಾಕೆಟ್ ಕಳಿಸಿದರೆ ತಲೆಪಟ್ಟಿಗಳ ಭಾರವೂ ಸೇರಿ ಒಂದು ದಿಕ್ಕಿಗೆ 80 ಕಿಲೋಬಿಟ್ ಆಗುತ್ತದೆ. 2012ರಲ್ಲಿ ಪ್ರಮಾಣೀಕೃತವಾದ ಓಪಸ್ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಎಷ್ಟೋ ಚೆನ್ನಾಗಿ ಮಾತನ್ನು ಸಾಗಿಸುತ್ತದೆ, ಆದರೆ ಫ್ಯಾಕ್ಸ್‌ನ ಸದ್ದಿಗೆ ಅದು ಯಾವ ಉಪಯೋಗಕ್ಕೂ ಬಾರದು.

ಈ ಕ್ಷೇತ್ರದಲ್ಲಿ ಮೊದಲ ಹೆಸರು ಆಸ್ಟರಿಸ್ಕ್. ಮಾರ್ಕ್ ಸ್ಪೆನ್ಸರ್ 1999ರಲ್ಲಿ, ತಮ್ಮ ಸಣ್ಣ ಲಿನಕ್ಸ್ ಸಂಸ್ಥೆಗೆ ದುಬಾರಿ ದೂರವಾಣಿ ವಿನಿಮಯ ಯಂತ್ರವನ್ನು ಕೊಳ್ಳುವ ಬದಲು ಬರೆಯತೊಡಗಿದ ತಂತ್ರಾಂಶವಿದು. ಅವರು ಕಟ್ಟಿದ ಡಿಜಿಯಂ ಸಂಸ್ಥೆಯನ್ನು 2018ರಲ್ಲಿ ಸಂಗೋಮಾ ಕೊಂಡುಕೊಂಡಿತು. ಪರವಾನಗಿ ಜಿಪಿಎಲ್‌ನ ಎರಡನೇ ಆವೃತ್ತಿ, ಬದಲಿಸಿ ಹಂಚುವವರೂ ಆಕರ ಸಂಕೇತವನ್ನು ತೆರೆದಿಡಬೇಕೆನ್ನುವ ಮುಕ್ತ ಪರವಾನಗಿ ಅದು. ಸಮಸಂಖ್ಯೆಯ ಆವೃತ್ತಿಗಳಿಗೆ ದೀರ್ಘಾವಧಿ ಬೆಂಬಲವಿರುವುದರಿಂದ ಹೊಸದಾಗಿ ಆರಂಭಿಸುವವರು 20 ಅಥವಾ 22ನ್ನು ಹಿಡಿಯುವುದು ಲೇಸು. ಬೆಸಸಂಖ್ಯೆಯವು ಹೊಸ ಸೌಲಭ್ಯಗಳನ್ನು ಬೇಗ ನೋಡಬೇಕೆನ್ನುವವರಿಗೆ.

ಆಸ್ಟರಿಸ್ಕ್‌ನ ಹೃದಯ ಡಯಲ್‌ಪ್ಲಾನ್. ಇಂಥ ಸಂಖ್ಯೆಗೆ ಕರೆ ಬಂದರೆ ಮೊದಲು ಇಂಥ ಫೋನನ್ನು 20 ಸೆಕೆಂಡು ಬಾರಿಸು, ಎತ್ತದಿದ್ದರೆ ವಾಯ್ಸ್‌ಮೇಲ್‌ಗೆ ದಾಟಿಸು, ಕೊನೆಗೆ ಕರೆಯನ್ನು ಮುಗಿಸು ಎಂದು ಸಾಲುಸಾಲಾಗಿ ಬರೆಯುವ ಒಂದು ಪಠ್ಯಕಡತವದು. ಮೊದಲ ನೋಟಕ್ಕೆ ಅದು ಒರಟಾಗಿ ಕಾಣುತ್ತದೆ. ಪ್ರತಿ ಸಾಲಿಗೂ ಕ್ರಮಸಂಖ್ಯೆ, ಬಾಣದ ಗುರುತು, ಆವರಣ ಚಿಹ್ನೆಗಳ ಒಳಗೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಆಯ್ಕೆಗಳು. ಆದರೆ ಒಮ್ಮೆ ಕೈಹಿಡಿದರೆ ಇದಕ್ಕಿಂತ ನೇರವಾದ ವಿಧಾನ ನನಗೆ ಬೇರೆಲ್ಲೂ ಕಂಡಿಲ್ಲ. ಆಜ್ಞಾಸಾಲಿನಲ್ಲಿ ವಿವರಮಟ್ಟವನ್ನು ಏರಿಸಿ ಒಂದು ಕರೆ ಮಾಡಿದರೆ, ಆ ಕರೆ ಯಾವ ಸಾಲಿನಿಂದ ಯಾವ ಸಾಲಿಗೆ ಜಿಗಿಯಿತು ಎಂಬುದು ಕಣ್ಣೆದುರೇ ಹರಿದುಹೋಗುತ್ತದೆ, ತಪ್ಪಿದ ಜಾಗದಲ್ಲಿ ನಿಲ್ಲುತ್ತದೆ.

ಸಿಪ್‌ನ ಭಾಗ ಮಾತ್ರ ಅಷ್ಟು ಸರಳವಲ್ಲ. ಸಿಪ್ ಕರೆಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಚಾನ್-ಸಿಪ್ ಎಂಬ ಮಾಡ್ಯೂಲ್‌ನಲ್ಲಿ (ತಂತ್ರಾಂಶದ ಬಿಡಿಭಾಗದಲ್ಲಿ) ಒಂದು ಫೋನಿಗೆ ಒಂದು ವಿಭಾಗ ಬರೆದರೆ ಮುಗಿಯುತ್ತಿತ್ತು. 2023ರ ಆವೃತ್ತಿ 21ರಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು, ಈಗ ಉಳಿದಿರುವುದು ಪಿಜೆಸಿಪ್ ಆಧಾರಿತ ಮಾಡ್ಯೂಲ್ ಮಾತ್ರ. ಇದರಲ್ಲಿ ಒಂದೇ ಫೋನಿಗೆ ಎಂಡ್‌ಪಾಯಿಂಟ್ ಎಂದೊಂದು, ಗುರುತುಪರೀಕ್ಷೆಗೆ ಇನ್ನೊಂದು, ಅದು ನೋಂದಾಯಿಸಿಕೊಳ್ಳುವ ವಿಳಾಸಕ್ಕೆ ಮತ್ತೊಂದು ಎಂದು ಮೂರು ವಿಭಾಗಗಳನ್ನು ಬರೆದು ಪರಸ್ಪರ ಜೋಡಿಸಬೇಕು. ಒಬ್ಬನೇ ಬಳಕೆದಾರ ಎರಡು ಸಾಧನಗಳಲ್ಲಿ ಒಮ್ಮೆಲೇ ನೋಂದಾಯಿಸಿಕೊಳ್ಳುವುದು ಈ ವಿಂಗಡಣೆಯಿಂದ ಸಾಧ್ಯವಾಯಿತೆಂಬುದು ನಿಜ. ಆದರೆ ಜಾಲದಲ್ಲಿ ಹರಡಿರುವ ಹಳೆಯ ಮಾರ್ಗದರ್ಶಿಗಳಲ್ಲಿ ಅರ್ಧಕ್ಕರ್ಧ ಇನ್ನೂ ಹಳೆಯ ಮಾಡ್ಯೂಲನ್ನೇ ವಿವರಿಸುತ್ತಿರುವುದರಿಂದ ಹೊಸಬರು ದಾರಿ ತಪ್ಪುವ ಸಂಭವ ಹೆಚ್ಚು. ಯಾವುದೇ ಮಾರ್ಗದರ್ಶಿಯನ್ನು ಓದುವ ಮೊದಲು ಅದು ಯಾವ ಮಾಡ್ಯೂಲಿನದು ಎಂದು ನೋಡಿಕೊಳ್ಳಬೇಕು.

ಕಡತಗಳನ್ನು ಮುಟ್ಟಲು ಇಷ್ಟವಿಲ್ಲದವರಿಗೆ ಫ್ರೀಪಿಬಿಎಕ್ಸ್ ಇದೆ. ಆಸ್ಟರಿಸ್ಕ್‌ನ ಮೇಲೆ ಕುಳಿತು ಡಯಲ್‌ಪ್ಲಾನನ್ನು ತಾನೇ ಬರೆಯುವ ಜಾಲಪುಟ ಇದು. 17ನೇ ಆವೃತ್ತಿಯಿಂದ ಡೆಬಿಯನ್ 12 ಎಂಬ ಲಿನಕ್ಸ್‌ನ ಮೇಲೆ ನೆಲೆ ಬದಲಿಸಿದೆ. ಹತ್ತಿಪ್ಪತ್ತು ಒಳಸಂಖ್ಯೆಗಳಿರುವ ಕಚೇರಿಯನ್ನು ಒಂದು ಮಧ್ಯಾಹ್ನದಲ್ಲಿ ಎಬ್ಬಿಸಿ ನಿಲ್ಲಿಸಲು ಇದಕ್ಕೆ ಸಾಟಿಯಿಲ್ಲ. ನನಗೆ ಇದರಲ್ಲಿ ಒಗ್ಗದ್ದು ಎರಡು. ಅದು ತಯಾರಿಸುವ ಡಯಲ್‌ಪ್ಲಾನ್ ಯಂತ್ರಕ್ಕಾಗಿ ಬರೆದದ್ದು, ಮನುಷ್ಯ ಓದಲು ಹೊರಟರೆ ಒಂದು ಸರಳ ಕರೆಯೂ ಹತ್ತಾರು ಉಪವಿಭಾಗಗಳಲ್ಲಿ ಅಲೆದಾಡುತ್ತದೆ. ದೋಷ ಹುಡುಕುವಾಗ ಈ ಸುತ್ತಾಟ ದಣಿಸುತ್ತದೆ. ಎರಡನೆಯದು, ಮುಕ್ತ ಮಾಡ್ಯೂಲ್‌ಗಳ ನಡುವೆಯೇ ಹಣ ಕೇಳುವ ವಾಣಿಜ್ಯ ಮಾಡ್ಯೂಲ್‌ಗಳೂ ಕುಳಿತಿರುತ್ತವೆ, ಫ್ಯಾಕ್ಸ್‌ನ ಹೆಚ್ಚಿನ ಸೌಲಭ್ಯಗಳೂ ಆ ಸಾಲಿನಲ್ಲೇ ಇವೆ. ಇದರ ಜತೆಗೆ ಒಂದು ಎಚ್ಚರಿಕೆ: 2025ರ ಆಗಸ್ಟ್‌ನಲ್ಲಿ ಇದರ ಒಂದು ವಾಣಿಜ್ಯ ಮಾಡ್ಯೂಲಿನ ದೋಷವನ್ನು ಬಳಸಿ, ಆಡಳಿತ ಪುಟವನ್ನು ಸಾರ್ವಜನಿಕ ಜಾಲಕ್ಕೆ ತೆರೆದಿಟ್ಟಿದ್ದ ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿದ್ದರು. ಆ ಪುಟವನ್ನು ಫೈರ್‌ವಾಲ್‌ನ ಹಿಂದೆ, ಸಾಧ್ಯವಾದರೆ ವಿಪಿಎನ್‌ನ ಒಳಗೆ ಇಡುವುದು ಇಲ್ಲಿ ಐಚ್ಛಿಕವಲ್ಲ.

ಫ್ರೀಸ್ವಿಚ್ ಬೇರೆಯದೇ ಮನೋಧರ್ಮದ ತಂತ್ರಾಂಶ. ಆಸ್ಟರಿಸ್ಕ್‌ಗೆ ಕೋಡ್ ಬರೆಯುತ್ತಿದ್ದ ಆಂಥನಿ ಮಿನೆಸ್ಸೇಲ್, ಅದರ ಒಳರಚನೆ ದೊಡ್ಡ ಪ್ರಮಾಣದ ಕರೆಗಳಿಗೆ ಒಗ್ಗುವುದಿಲ್ಲವೆಂದು ಅನ್ನಿಸಿ, ಒಂದು ಸಾಲನ್ನೂ ಎರವಲು ಪಡೆಯದೆ ಹೊಸದಾಗಿ ಆರಂಭಿಸಿದ ಯೋಜನೆಯಿದು. ಮೊದಲ ಸ್ಥಿರ ಆವೃತ್ತಿ 2008ರಲ್ಲಿ ಬಂತು. ಪರವಾನಗಿ ಮೊಝಿಲ್ಲಾ ಸಾರ್ವಜನಿಕ ಪರವಾನಗಿಯಾದ್ದರಿಂದ ಇದನ್ನು ತಮ್ಮ ಉತ್ಪನ್ನದೊಳಗೆ ಸೇರಿಸಿಕೊಳ್ಳುವವರಿಗೆ ಜಿಪಿಎಲ್‌ಗಿಂತ ಹೆಚ್ಚು ಸಡಿಲವಿದೆ. ಸಂರಚನೆ ಪೂರ್ತಿ ಎಕ್ಸ್‌ಎಂಎಲ್ ಎಂಬ ಗುರುತುಪಟ್ಟಿಗಳ ಭಾಷೆಯಲ್ಲಿ. ಅದು ಕಣ್ಣಿಗೆ ಹಿತವಲ್ಲ, ಆದರೆ ನಿಯಮಿತವಾಗಿದೆ, ಇನ್ನೊಂದು ಪ್ರೋಗ್ರಾಮ್‌ನಿಂದ ತಯಾರಿಸಲು ಅನುಕೂಲ. ಒಂದು ಸಣ್ಣ ವಿವರ ಇದನ್ನು ಬರೆದವರ ಸ್ವಭಾವವನ್ನು ತೋರಿಸುತ್ತದೆ: ಮಾದರಿ ಸಂರಚನೆಯಲ್ಲಿರುವ 1234 ಎಂಬ ಗುಪ್ತಪದವನ್ನು ಬದಲಿಸದೆ ಬಿಟ್ಟರೆ, ಪ್ರತಿ ಕರೆಯಲ್ಲೂ ದಾಖಲೆಯಲ್ಲಿ ಎಚ್ಚರಿಕೆ ಮುದ್ರಿಸಿ 10 ಸೆಕೆಂಡು ಸುಮ್ಮನೆ ಕಾಯಿಸುತ್ತದೆ. ಕಾರಣ ತಿಳಿಯದೆ ಸರ್ವರ್ ನಿಧಾನವೆಂದು ದೂರುವವರು ಆಗಾಗ ಸಿಗುತ್ತಾರೆ. ಇತ್ತೀಚೆಗೆ ಇದರ ಸಿದ್ಧ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳಲು ಇದನ್ನು ನೋಡಿಕೊಳ್ಳುವ ಸಿಗ್ನಲ್‌ವೈರ್ ಸಂಸ್ಥೆಯಲ್ಲಿ ಖಾತೆ ತೆರೆದು ಟೋಕನ್ ಎಂಬ ಗುರುತುಸಂಕೇತ ಪಡೆಯಬೇಕಾಗಿದೆ. ಆಕರ ಸಂಕೇತ ಮುಕ್ತವಾಗಿಯೇ ಇದೆ, ಆದರೆ ಅದನ್ನು ತಾವೇ ಕಟ್ಟಿಕೊಳ್ಳುವಾಗ ಸೋಫಿಯಾ-ಸಿಪ್, ಸ್ಪ್ಯಾನ್‌ಡಿಎಸ್‌ಪಿ ಎಂಬ ಎರಡು ಲೈಬ್ರರಿಗಳನ್ನು (ಸಿದ್ಧ ಕೋಡ್‌ನ ಸಂಗ್ರಹಗಳನ್ನು) ಮೊದಲೇ ಪ್ರತ್ಯೇಕವಾಗಿ ಕಟ್ಟಿಡಬೇಕು. ಮುಕ್ತ ಯೋಜನೆಯೊಂದರ ಬಾಗಿಲಲ್ಲಿ ಈ ಟೋಕನ್ ನನಗೆ ಇಷ್ಟವಾಗಲಿಲ್ಲ.

ಕಮೈಲಿಯೊ ಮತ್ತು ಓಪನ್‌ಸಿಪ್ಸ್ ಇವೆರಡೂ ಬರ್ಲಿನ್‌ನ ಫ್ರೌನ್‌ಹೋಫರ್ ಫೋಕುಸ್ ಸಂಸ್ಥೆಯಲ್ಲಿ ಹುಟ್ಟಿದ ಸಿಪ್ ಎಕ್ಸ್‌ಪ್ರೆಸ್ ರೂಟರ್‌ನ ಸಂತತಿ. 2008ರಲ್ಲಿ ದಾರಿ ಬೇರೆಯಾದವು. ಇವು ಸಿಪ್ ಸಂದೇಶಗಳನ್ನು ಹಂಚುವ ರೂಟರ್‌ಗಳೇ ಹೊರತು ಧ್ವನಿಯನ್ನು ಮುಟ್ಟುವವಲ್ಲ. ಸಾವಿರಾರು ಬಳಕೆದಾರರಿರುವ ಸೇವೆ ನಡೆಸುವವರಿಗೆ ಅನಿವಾರ್ಯ, ಒಂದು ಕಚೇರಿಗೆ ಬೇಡ.

ಈಗ ಫ್ಯಾಕ್ಸ್. ಫ್ಯಾಕ್ಸ್ ಕರೆಯೆಂದರೆ ದತ್ತವನ್ನು ಸದ್ದಾಗಿಸಿ ಕಳಿಸುವ ಎರಡು ಮೋಡೆಮ್‌ಗಳ ಸಂಭಾಷಣೆ. ಕರೆ ಮಾಡಿದ ಯಂತ್ರ 1100 ಹರ್ಟ್ಜ್‌ನ ಸದ್ದನ್ನು ಬಿಟ್ಟು ಬಿಟ್ಟು ಹೊರಡಿಸುತ್ತದೆ, ಸ್ವೀಕರಿಸುವ ಯಂತ್ರ 2100 ಹರ್ಟ್ಜ್‌ನ ಸದ್ದಿನಿಂದ ಉತ್ತರಿಸುತ್ತದೆ. ಬಳಿಕ ಸೆಕೆಂಡಿಗೆ 300 ಬಿಟ್‌ನ ನಿಧಾನದ ಭಾಷೆಯಲ್ಲಿ ತಮ್ಮ ತಮ್ಮ ಸಾಮರ್ಥ್ಯಗಳನ್ನು ಹೇಳಿಕೊಳ್ಳುತ್ತವೆ, ವೇಗವನ್ನು ಪರೀಕ್ಷಿಸಿ ನೋಡುತ್ತವೆ, ಒಪ್ಪಿಗೆಯಾದ ಮೇಲೆ ಪುಟದ ಚಿತ್ರ ಸಾಮಾನ್ಯವಾಗಿ 14,400 ಬಿಟ್ ವೇಗದಲ್ಲಿ ಹೋಗುತ್ತದೆ, ಪ್ರತಿ ಪುಟದ ಕೊನೆಗೆ ಮತ್ತೆ 300 ಬಿಟ್‌ಗೆ ಇಳಿದು 'ಬಂತೇ?', 'ಬಂತು' ಎಂಬ ವಿನಿಮಯ ನಡೆಯುತ್ತದೆ. ಈ ಸದ್ದನ್ನೆಲ್ಲ ಜಿ.711ರ ಧ್ವನಿಯಾಗಿಯೇ ಪ್ಯಾಕೆಟ್‌ಗಳಲ್ಲಿ ತುಂಬಿ ಕಳಿಸಬಹುದು, ಒಂದು ಕಟ್ಟಡದ ಒಳಗಿನ ಸ್ವಚ್ಛ ಜಾಲದಲ್ಲಿ ಅದು ನಡೆಯುತ್ತದೆ ಕೂಡ. ಹೊರಜಾಲದಲ್ಲಿ ಒಂದೇ ಪ್ಯಾಕೆಟ್ ಕಾಣೆಯಾದರೂ 20 ಮಿಲಿಸೆಕೆಂಡಿನಷ್ಟು ಸಂಕೇತ ಕತ್ತರಿಸಿಹೋಗಿ ಮೋಡೆಮ್ ತನ್ನ ತಾಳವನ್ನೇ ಕಳೆದುಕೊಳ್ಳುತ್ತದೆ. ಮಾತಿಗೆ ವರವಾದ ಸೌಲಭ್ಯಗಳೇ ಇಲ್ಲಿ ಶಾಪ: ಪ್ಯಾಕೆಟ್‌ಗಳು ಹಿಂದುಮುಂದಾಗಿ ತಲುಪುವ ಏರುಪೇರನ್ನು (ಜಿಟರ್) ಸರಿದೂಗಿಸಲು ಮಾತಿನ ನಡುವೆ ಮೌನವನ್ನು ಹಿಗ್ಗಿಸಿ ಕುಗ್ಗಿಸುವ ಜಿಟರ್ ಬಫರ್ ಸಂಕೇತದ ಕಾಲಮಾನವನ್ನು ಕೆಡಿಸುತ್ತದೆ, ಮೌನದ ಪ್ಯಾಕೆಟ್‌ಗಳನ್ನು ಕಳಿಸದೆ ಉಳಿಸುವ ಜಾಣತನ ಸಂಭಾಷಣೆಯ ತುದಿಗಳನ್ನು ಕತ್ತರಿಸುತ್ತದೆ, ಪ್ರತಿಧ್ವನಿ ನಿವಾರಕ ಮೋಡೆಮ್‌ನ ಸದ್ದನ್ನೇ ಪ್ರತಿಧ್ವನಿಯೆಂದು ಬಗೆದು ಅಳಿಸಲು ಹೊರಡುತ್ತದೆ. ಜಿ.729ರಂಥ ಕೊಡೆಕ್‌ಗಳು ಮನುಷ್ಯನ ಗಂಟಲನ್ನು ಮಾದರಿಯಾಗಿಟ್ಟುಕೊಂಡು ಸದ್ದನ್ನು ಕುಗ್ಗಿಸುವುದರಿಂದ ಅವುಗಳ ಮೂಲಕ ಫ್ಯಾಕ್ಸ್ ಕಳಿಸುವ ಪ್ರಶ್ನೆಯೇ ಇಲ್ಲ.

ಇದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಕೊಟ್ಟ ಪರಿಹಾರ ಟಿ.38. ಇದರಲ್ಲಿ ಸದ್ದನ್ನು ಸಾಗಿಸುವುದೇ ಇಲ್ಲ. ಒಂದು ಬದಿಯ ಗೇಟ್‌ವೇ, ಅಂದರೆ ಎರಡು ಜಾಲಗಳ ನಡುವಿನ ಸೇತುವೆ, ಮೋಡೆಮ್ ಸಂಕೇತವನ್ನು ಬಿಡಿಸಿ, ಅದರೊಳಗಿನ ದತ್ತವನ್ನು ಮಾತ್ರ ಪ್ಯಾಕೆಟ್‌ಗಳಲ್ಲಿ ಕಳಿಸುತ್ತದೆ, ಇನ್ನೊಂದು ಬದಿಯದು ಮತ್ತೆ ಸಂಕೇತವಾಗಿ ನೇಯುತ್ತದೆ. ಪ್ರತಿ ಪ್ಯಾಕೆಟ್‌ನ ಜತೆ ಹಿಂದಿನ ಪ್ಯಾಕೆಟ್‌ಗಳ ಪ್ರತಿಯನ್ನೂ ಹೊರಿಸಬಹುದಾದ್ದರಿಂದ ಆಗೊಂದು ಈಗೊಂದು ಕಾಣೆಯಾದರೂ ನಷ್ಟವಿಲ್ಲ. ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಈ ಕೆಲಸದ ಬಹುಪಾಲನ್ನು ಹೊತ್ತಿರುವುದು ಸ್ಟೀವ್ ಅಂಡರ್‌ವುಡ್ ಬರೆದ ಸ್ಪ್ಯಾನ್‌ಡಿಎಸ್‌ಪಿ ಎಂಬ ಒಂದು ಲೈಬ್ರರಿ. ಆಸ್ಟರಿಸ್ಕ್‌ನ ಫ್ಯಾಕ್ಸ್ ಮಾಡ್ಯೂಲ್, ಫ್ರೀಸ್ವಿಚ್‌ನ ಫ್ಯಾಕ್ಸ್ ಮಾಡ್ಯೂಲ್, ಮುಂದೆ ಹೇಳಲಿರುವ ಐಎಎಕ್ಸ್‌ಮೋಡೆಮ್ ಎಲ್ಲವೂ ಒಳಗೆ ಇದನ್ನೇ ನಂಬಿವೆ. ಅಂದರೆ ಹೊರಗಿನಿಂದ ಮೂರು ಬೇರೆ ಬೇರೆ ಉತ್ಪನ್ನಗಳಂತೆ ಕಂಡರೂ ಮೋಡೆಮ್‌ನ ಗುಣ ಒಂದೇ. ಆಯ್ಕೆ ಮಾಡುವಾಗ ನೋಡಬೇಕಾದದ್ದು ಅದರ ಸುತ್ತಲಿನ ಹೊದಿಕೆಯನ್ನು. ಇಷ್ಟು ದೊಡ್ಡ ಭಾರ ಒಂದೇ ಲೈಬ್ರರಿಯ ಮೇಲೆ ನಿಂತಿರುವುದು ಹೆಮ್ಮೆಯ ಸಂಗತಿಯೂ ಹೌದು, ಆತಂಕದ ಸಂಗತಿಯೂ ಹೌದು.

ಆಸ್ಟರಿಸ್ಕ್‌ನಲ್ಲಿ ಫ್ಯಾಕ್ಸ್ ಸ್ವೀಕರಿಸಲು ಡಯಲ್‌ಪ್ಲಾನ್‌ನಲ್ಲಿ ರಿಸೀವ್‌ಫ್ಯಾಕ್ಸ್ ಎಂಬ ಒಂದೇ ಅಪ್ಲಿಕೇಶನ್ ಸಾಕು; ಬಂದ ಪುಟಗಳು ಒಂದು ಟಿಫ್ ಚಿತ್ರಕಡತವಾಗಿ ಉಳಿಯುತ್ತವೆ. ಮಾತಿಗೂ ಫ್ಯಾಕ್ಸ್‌ಗೂ ಒಂದೇ ಸಂಖ್ಯೆಯಿದ್ದರೆ, ಎಂಡ್‌ಪಾಯಿಂಟ್‌ನಲ್ಲಿ ಫ್ಯಾಕ್ಸ್ ಪತ್ತೆಯನ್ನು ಚಾಲೂ ಮಾಡಿ, 1100 ಹರ್ಟ್ಜ್ ಸದ್ದು ಕೇಳಿಸಿದೊಡನೆ ಕರೆ ತಾನಾಗಿ 'ಫ್ಯಾಕ್ಸ್' ಎಂಬ ಹೆಸರಿನ ಒಳಸಂಖ್ಯೆಗೆ ಹಾರುವಂತೆ ಮಾಡಬಹುದು. ಟಿ.38 ಅರಿಯದ ಬದಿಗೂ ಅರಿತ ಬದಿಗೂ ನಡುವೆ ದುಭಾಷಿಯಾಗಿ ನಿಲ್ಲುವ ಗೇಟ್‌ವೇ ಸೌಲಭ್ಯ ಆವೃತ್ತಿ 10ರಿಂದಲೇ ಇದೆ. ಆದರೆ ಇಲ್ಲೊಂದು ಗುಂಡಿಯಿದೆ, ಅದರಲ್ಲಿ ಬೀಳದವರು ಅಪರೂಪ. ಧ್ವನಿಗಾಗಿ ಮಾದರಿ ಸಂರಚನೆ 10,000ದಿಂದ 20,000ದವರೆಗಿನ ಪೋರ್ಟ್‌ಗಳನ್ನು ಬಳಸುತ್ತದೆ, ಎಲ್ಲರೂ ಅವನ್ನು ಫೈರ್‌ವಾಲ್‌ನಲ್ಲಿ ತೆರೆಯುತ್ತಾರೆ. ಟಿ.38ರ ಪ್ಯಾಕೆಟ್‌ಗಳು ಆರ್‌ಟಿಪಿಯಲ್ಲ, ಯುಡಿಪಿಟಿಎಲ್ ಎಂಬ ಬೇರೆ ಸಾಗಣೆ. ಅದಕ್ಕೆ ಬೇರೆಯೇ ಕಡತವಿದೆ, ಅದರ ಮಾದರಿಯಲ್ಲಿರುವ ಪೋರ್ಟ್‌ಗಳು 4000ದಿಂದ 4999. ಇವನ್ನು ತೆರೆಯದಿದ್ದರೆ ಮಾತು ಸ್ಫಟಿಕದಂತೆ ಕೇಳಿಸುತ್ತದೆ, ಫ್ಯಾಕ್ಸ್ ಮಾತ್ರ ಕೈಕುಲುಕಿದ ಮೇಲೆ ಮೌನವಾಗಿ ಸಾಯುತ್ತದೆ. ದೋಷಸಂದೇಶದಲ್ಲಿ ಪೋರ್ಟ್‌ನ ಸುಳಿವೂ ಇರುವುದಿಲ್ಲ.

ಇಂಥ ಕಡೆ ನೆರವಿಗೆ ಬರುವ ಸಾಧನ ಎಸ್‌ಎನ್‌ಗ್ರೆಪ್. ಇಡೀ ಪಟ್ಟಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಕಪ್ಪು ಪರದೆಯಲ್ಲಿ ಓಡುವ ಪುಟ್ಟ ಪ್ರೋಗ್ರಾಮ್. ಸಾಗುತ್ತಿರುವ ಸಿಪ್ ಸಂವಾದಗಳನ್ನು ಪಟ್ಟಿಮಾಡಿ, ಒಂದನ್ನು ಆರಿಸಿ ಎಂಟರ್ ಒತ್ತಿದರೆ ಎರಡು ತುದಿಗಳನ್ನು ಎರಡು ಲಂಬ ಗೆರೆಗಳಾಗಿ ಬರೆದು, ನಡುವೆ ಪ್ರತಿ ಸಂದೇಶವನ್ನೂ ಬಾಣವಾಗಿ ತೋರಿಸುತ್ತದೆ. ಫ್ಯಾಕ್ಸ್ ಕರೆಯನ್ನು ಇದರಲ್ಲಿ ನೋಡುವುದು ಒಂದು ಪಾಠ. ಮೊದಲು ಕರೆಗೆ ಆಹ್ವಾನಿಸುವ ಇನ್‌ವೈಟ್, ಗಂಟೆ ಬಾರಿಸುತ್ತಿದೆ ಎಂಬ 180, ಎತ್ತಿದರು ಎಂಬ 200, ಸ್ವೀಕೃತಿ. ಇಲ್ಲಿಯವರೆಗೆ ಇದು ಬರಿಯ ಧ್ವನಿಕರೆ. ಕೆಲವು ಸೆಕೆಂಡುಗಳಲ್ಲಿ ಸಾಮಾನ್ಯವಾಗಿ ಸ್ವೀಕರಿಸುವ ಬದಿಯಿಂದ ಇನ್ನೊಂದು ಇನ್‌ವೈಟ್ ಹೊರಡುತ್ತದೆ, ಅದರೊಳಗಿನ ಮಾಧ್ಯಮ ವಿವರಣೆಯಲ್ಲಿ 'ಆಡಿಯೊ' ಇದ್ದ ಜಾಗದಲ್ಲಿ 'ಇಮೇಜ್' ಎಂಬ ಪದವೂ ಯುಡಿಪಿಟಿಎಲ್ ಎಂಬ ಹೆಸರೂ ಕಾಣುತ್ತವೆ. ಅದಕ್ಕೆ 200 ಎಂಬ ಉತ್ತರ ಬಂದರೆ ಎರಡೂ ಬದಿಗಳು ಟಿ.38ಕ್ಕೆ ದಾಟಿದವೆಂದರ್ಥ. 488 ಎಂದು ಬಂದರೆ ಎದುರಿನವರು ಒಪ್ಪಲಿಲ್ಲ. ಈ ಒಂದು ಸಂಖ್ಯೆಯನ್ನು ನೋಡಲು ಅರೆನಿಮಿಷ ಸಾಕು. ನೋಡದೆ ಸಂರಚನೆಯನ್ನು ತಿದ್ದುತ್ತಾ ಕುಳಿತರೆ ವಾರಗಳು ಕಳೆಯುತ್ತವೆ. ಸೇವಾದಾತರು ಜಾಹೀರಾತಿನಲ್ಲಿ ಟಿ.38 ಬೆಂಬಲವಿದೆ ಎಂದು ಬರೆದೂ ಕರೆ ಹಾದುಹೋಗುವ ಮುಂದಿನ ಕೊಂಡಿಯಲ್ಲಿ ಅದು ಇಲ್ಲದಿರುವುದು ಸಾಮಾನ್ಯ. ಯಾವ ತಂತ್ರಾಂಶವೂ ಇದನ್ನು ನಿಮ್ಮ ಪರವಾಗಿ ಸರಿಪಡಿಸಲಾರದು. 488 ಬಂದಾಗ ಧ್ವನಿಯ ರೂಪದಲ್ಲೇ ಮುಂದುವರಿಯಲು ಆಸ್ಟರಿಸ್ಕ್‌ನ ಕಳಿಸುವ, ಸ್ವೀಕರಿಸುವ ಎರಡೂ ಅಪ್ಲಿಕೇಶನ್‌ಗಳಲ್ಲಿ ಒಂದೇ ಅಕ್ಷರದ ಆಯ್ಕೆಯಿದೆ, ಅದು ಸಣ್ಣ ಎಫ್. ದೊಡ್ಡ ಎಫ್ ಬರೆದರೆ ಟಿ.38ನ್ನು ಪ್ರಯತ್ನಿಸುವುದೇ ಇಲ್ಲ. ಇಂಥ ಅಕ್ಷರಭೇದಗಳನ್ನು ಇಟ್ಟವರ ಮೇಲೆ ಸ್ವಲ್ಪ ಸಿಟ್ಟು ಬರುವುದು ಸಹಜ.

ಫ್ರೀಸ್ವಿಚ್‌ನ ಫ್ಯಾಕ್ಸ್ ಭಾಗ ಆಸ್ಟರಿಸ್ಕ್‌ನದಕ್ಕಿಂತ ಅಚ್ಚುಕಟ್ಟು ಎಂಬುದು ನನ್ನ ಅಭಿಪ್ರಾಯ. ಟಿ.38ಕ್ಕೆ ಒಪ್ಪಬೇಕೇ, ತಾನಾಗಿ ಕೇಳಬೇಕೇ ಎಂಬುದನ್ನು ಎರಡು ಪ್ರತ್ಯೇಕ ಚರಗಳಲ್ಲಿ ಹೇಳಬಹುದು, ಅಕ್ಷರಗಳ ಗೊಂದಲವಿಲ್ಲ. ಕರೆ ಮುಗಿದ ಮೇಲೆ ಯಶಸ್ಸೋ ವೈಫಲ್ಯವೋ, ಎಷ್ಟು ಪುಟ ದಾಟಿದವು, ಫಲಿತಾಂಶದ ಸಂಖ್ಯೆ ಯಾವುದು, ಅದರ ವಿವರಣೆ ಏನು ಎಂಬುದೆಲ್ಲ ಚರಗಳಾಗಿಯೇ ಸಿಗುವುದರಿಂದ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಕಳಿಸಿದವರಿಗೆ ಮಿಂಚಂಚೆಯಲ್ಲಿ ವರದಿ ಮುಟ್ಟಿಸುವುದು ಸುಲಭ. ಆಸ್ಟರಿಸ್ಕ್ ಕೂಡ ಇವನ್ನು ಕೊಡುತ್ತದೆ, ಆದರೆ ಒಂದು ಫಂಕ್ಷನ್‌ನ ಒಳಗಿನಿಂದ ಒಂದೊಂದಾಗಿ ಕೇಳಿ ತೆಗೆಯಬೇಕು. ದಿನಕ್ಕೆ ನೂರಾರು ಫ್ಯಾಕ್ಸ್ ಹಾಯುವ ಕಡೆ, ಮಾತಿನ ಸರ್ವರ್ ಆಸ್ಟರಿಸ್ಕ್ ಆಗಿಯೇ ಇರಲಿ, ಫ್ಯಾಕ್ಸ್‌ಗೆಂದು ಬೇರೆ ಯಂತ್ರದಲ್ಲಿ ಫ್ರೀಸ್ವಿಚ್ ಇಡುವುದನ್ನು ನಾನು ಧಾರಾಳವಾಗಿ ಸಲಹೆ ಮಾಡುತ್ತೇನೆ.

ಆದರೆ ಇವೆರಡಕ್ಕೂ ಇಲ್ಲದ ಒಂದು ಗುಣ ಹೈಲಾಫ್ಯಾಕ್ಸ್‌ಗೆ ಇದೆ, ಅದು ಸರತಿ. ಸಿಲಿಕಾನ್ ಗ್ರಾಫಿಕ್ಸ್‌ನಲ್ಲಿದ್ದ ಸ್ಯಾಮ್ ಲೆಫ್ಲರ್ ತೊಂಬತ್ತರ ದಶಕದ ಆರಂಭದಲ್ಲಿ ಫ್ಲೆಕ್ಸ್‌ಫ್ಯಾಕ್ಸ್ ಎಂಬ ಹೆಸರಿನಲ್ಲಿ ಬರೆದ ತಂತ್ರಾಂಶವಿದು. ಇಂದು ಹೆಚ್ಚು ಚಟುವಟಿಕೆಯಿಂದಿರುವುದು ಲೀ ಹೋವರ್ಡ್ ನೋಡಿಕೊಳ್ಳುವ ಹೈಲಾಫ್ಯಾಕ್ಸ್ ಪ್ಲಸ್ ಎಂಬ ಕವಲು. ಇದು ಹಳೆಯ ಅಂಚೆ ಗುಮಾಸ್ತನಂತೆ ಕೆಲಸ ಮಾಡುತ್ತದೆ: ಕೊಟ್ಟ ಕಾಗದವನ್ನು ತೆಗೆದುಕೊಂಡು ಕ್ರಮಸಂಖ್ಯೆ ಬರೆದುಕೊಳ್ಳುತ್ತದೆ, ಸಾಲು ಬಿಡುವಾದಾಗ ಕಳಿಸುತ್ತದೆ, ಎದುರಿನವರ ಸಂಖ್ಯೆ ಕಾರ್ಯನಿರತವಾಗಿದ್ದರೆ ಕಾದು ಮತ್ತೆ ಪ್ರಯತ್ನಿಸುತ್ತದೆ, ಕೊನೆಗೆ ಏನಾಯಿತೆಂದು ಕಳಿಸಿದವರಿಗೆ ತಿಳಿಸುತ್ತದೆ. ಸಂಖ್ಯೆ ತಿರುಗಿಸಿದ ಪ್ರಯತ್ನಗಳ ಲೆಕ್ಕವೇ ಬೇರೆ, ಕೂಡಿಕೊಂಡ ಮೇಲೆ ಪುಟ ಕಳಿಸಲು ಮಾಡಿದ ಪ್ರಯತ್ನಗಳ ಲೆಕ್ಕವೇ ಬೇರೆ; ಎರಡಕ್ಕೂ ಪ್ರತ್ಯೇಕ ಮಿತಿ ಹಾಕಬಹುದು. ಪ್ರತಿ ಸಂಪರ್ಕಕ್ಕೂ ಲಾಗ್ ಕೋಶದಲ್ಲಿ ಸಿ ಅಕ್ಷರದಿಂದ ಆರಂಭವಾಗುವ ಒಂದು ಕಡತ ಹುಟ್ಟುತ್ತದೆ, ಅದರಲ್ಲಿ ಎದುರಿನ ಯಂತ್ರ ತನ್ನನ್ನು ಯಾವ ಹೆಸರಿನಿಂದ ಕರೆದುಕೊಂಡಿತು, ಯಾವ ವೇಗದಲ್ಲಿ ಒಪ್ಪಂದವಾಯಿತು, ದೋಷ ತಿದ್ದುವ ವಿಧಾನ ಚಾಲೂ ಇತ್ತೇ, ಯಾವ ಹಂತದಲ್ಲಿ ಮಾತು ಮುರಿಯಿತು ಎಂಬುದೆಲ್ಲ ಕಾಲದ ಗುರುತಿನೊಂದಿಗೆ ಸಾಲುಸಾಲಾಗಿ ಇರುತ್ತದೆ. ಇಷ್ಟು ಪ್ರಾಮಾಣಿಕವಾದ ದಾಖಲೆಯನ್ನು ಇತ್ತೀಚಿನ ಎಷ್ಟೋ ತಂತ್ರಾಂಶಗಳು ಬರೆಯುವುದಿಲ್ಲ.

ತೊಡಕೆಂದರೆ ಹೈಲಾಫ್ಯಾಕ್ಸ್‌ಗೆ ಮೋಡೆಮ್ ಬೇಕು, ಅಂತರಜಾಲ ದೂರವಾಣಿಯಲ್ಲಿ ಮೋಡೆಮ್ ಇಲ್ಲ. ಈ ಕಂದಕವನ್ನು ತುಂಬಲೆಂದೇ ಲೀ ಹೋವರ್ಡ್ ಐಎಎಕ್ಸ್‌ಮೋಡೆಮ್ ಬರೆದರು. ಒಂದು ಬದಿಯಲ್ಲಿ ಅದು ಸೀರಿಯಲ್ ಮೋಡೆಮ್‌ನ ವೇಷ ಹಾಕುತ್ತದೆ, ಇನ್ನೊಂದು ಬದಿಯಲ್ಲಿ ಆಸ್ಟರಿಸ್ಕ್‌ನ ಸ್ವಂತ ಐಎಎಕ್ಸ್ ಶಿಷ್ಟಾಚಾರದ ಮೂಲಕ ಫೋನಿನಂತೆ ನೋಂದಾಯಿಸಿಕೊಳ್ಳುತ್ತದೆ. ಇದಕ್ಕೆ ಟಿ.38 ತಿಳಿಯದು, ಧ್ವನಿಯಷ್ಟೇ. ಆದ್ದರಿಂದ ಆಸ್ಟರಿಸ್ಕ್ ಇರುವ ಯಂತ್ರದಲ್ಲೇ ಇದನ್ನೂ ಓಡಿಸಿ, ಹೊರಕ್ಕೆ ಹೋಗುವ ಸಿಪ್ ತುದಿಯಲ್ಲಿ ಆಸ್ಟರಿಸ್ಕ್‌ನ ಗೇಟ್‌ವೇಯನ್ನು ನಡುವೆ ನಿಲ್ಲಿಸಬೇಕು. ಟಿ.38ನ್ನೇ ನೇರವಾಗಿ ಮಾತಾಡುವ ಟಿ38ಮೋಡೆಮ್ ಎಂಬ ಇನ್ನೊಂದು ಪ್ರೋಗ್ರಾಮ್ ಇದೆ. ತತ್ತ್ವದಲ್ಲಿ ಅದೇ ಹೆಚ್ಚು ಸರಿ, ಆದರೆ ಅದು ಆಧರಿಸಿರುವ ಲೈಬ್ರರಿಗಳನ್ನು ಇಂದಿನ ವ್ಯವಸ್ಥೆಗಳಲ್ಲಿ ಕಟ್ಟುವುದು ತಾಳ್ಮೆಯ ಪರೀಕ್ಷೆ. ಸಾಲುಗಳು ಎಷ್ಟು ಬೇಕೋ ಅಷ್ಟು ಐಎಎಕ್ಸ್‌ಮೋಡೆಮ್ ಪ್ರತಿಗಳನ್ನು ಓಡಿಸುವ ಹಳೆಯ ವ್ಯವಸ್ಥೆಯೇ ಆಚರಣೆಯಲ್ಲಿ ಹೆಚ್ಚು ನೆಮ್ಮದಿ ಕೊಡುತ್ತದೆ. ಆಜ್ಞಾಸಾಲು ಬೇಡವೆನ್ನುವ ಬಳಕೆದಾರರಿಗೆ ಅವಾಂಟ್‌ಫ್ಯಾಕ್ಸ್ ಎಂಬ ಜಾಲಪುಟವನ್ನು ಮೇಲೆ ಹೊದಿಸಬಹುದು. ಅದರ ನೋಟ ಹಳೆಯ ಕಾಲದ್ದು, ಬಂದ ಫ್ಯಾಕ್ಸ್‌ಗಳನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಸಾಕು.

ಬಳಕೆದಾರನ ಕೈಗೆ ಕೊಡುವ ಸಾಫ್ಟ್‌ಫೋನ್‌ಗಳ, ಅಂದರೆ ಗಣಕ ಇಲ್ಲವೇ ಮೊಬೈಲ್‌ನಲ್ಲಿ ಓಡುವ ಫೋನ್ ತಂತ್ರಾಂಶಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ವ್ಯತ್ಯಾಸ ಅಭಿರುಚಿಯದೇ ಹೆಚ್ಚು. 2001ರಿಂದ ಬೆಳೆಯುತ್ತಿರುವ ಲಿನ್‌ಫೋನ್ ಮೊಬೈಲ್ ಮತ್ತು ಗಣಕ ಎರಡರಲ್ಲೂ ಇದೆ, ಗೂಢಲಿಪೀಕರಣಕ್ಕೆ ಎಸ್‌ಆರ್‌ಟಿಪಿ ಮತ್ತು ಝಡ್‌ಆರ್‌ಟಿಪಿ ಎರಡನ್ನೂ ಬಲ್ಲದು. ಒಂದೇ ಹೆಸರು ಹೇಳಬೇಕಾದರೆ ಇದು. ವಿಂಡೋಸ್‌ನಲ್ಲಿ ಮೈಕ್ರೋಸಿಪ್ ಹಗುರ, ಒಂದು ಕ್ಷಣದಲ್ಲಿ ತೆರೆಯುತ್ತದೆ. ಬೇರ್‌ಸಿಪ್ ಆಜ್ಞಾಸಾಲಿನದು, ಪರೀಕ್ಷೆಗಳನ್ನು ಸ್ಕ್ರಿಪ್ಟ್ ಮಾಡುವವರಿಗೆ ಅನುಕೂಲ. ಒಂದು ಕಾಲದಲ್ಲಿ ಲಿನಕ್ಸ್ ಗಣಕಗಳಲ್ಲೆಲ್ಲ ಇರುತ್ತಿದ್ದ ಎಕಿಗಾದ ಕೊನೆಯ ಆವೃತ್ತಿ ಬಂದದ್ದು 2013ರಲ್ಲಿ, ಅದನ್ನು ಈಗ ಹೊಸದಾಗಿ ಹಾಕಿಕೊಳ್ಳಲು ಕಾರಣವಿಲ್ಲ. ಜಿಟ್ಸಿ ಎಂದರೆ ಇಂದು ಸಿಪ್ ಫೋನಿಗಿಂತ ಬ್ರೌಸರ್‌ನೊಳಗಿನ ಸಭೆಗಳೇ ನೆನಪಾಗುತ್ತವೆ. ದೂರವಾಣಿ ಸಂಖ್ಯೆಯಿಂದ ಸಭೆಗೆ ಸೇರಬೇಕಾದವರಿಗೆ ಅದರ ಜಿಗಾಸಿ ಎಂಬ ಸೇತುವೆ ಇದೆ.

ಧ್ವನಿಯ ಗುಣ ಕೆಟ್ಟಾಗ, ಜಾಲದ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆಯಬೇಕು. ಹಿಡಿದ ಪ್ಯಾಕೆಟ್‌ಗಳಿಂದ ಕರೆಗಳನ್ನು ಹೆಕ್ಕಿ, ಪ್ರತಿ ಆರ್‌ಟಿಪಿ ಹರಿವಿನಲ್ಲಿ ಎಷ್ಟು ಪ್ಯಾಕೆಟ್ ಕಳೆದಿದೆ, ಜಿಟರ್ ಎಷ್ಟು ಎಂಬ ಲೆಕ್ಕವನ್ನು ಅದರ ಟೆಲಿಫೋನಿ ಮೆನು ಕೊಡುತ್ತದೆ, ಗೂಢಲಿಪಿಯಿಲ್ಲದ ಕರೆಯನ್ನು ನುಡಿಸಿ ಕೇಳಿಸುತ್ತದೆ ಕೂಡ. ಈ ಕೊನೆಯ ಸೌಲಭ್ಯವನ್ನು ಒಮ್ಮೆ ಸಂಸ್ಥೆಯ ಮುಖ್ಯಸ್ಥರಿಗೆ ತೋರಿಸಿದರೆ, ಗೂಢಲಿಪೀಕರಣ ಏಕೆ ಬೇಕು ಎಂದು ವಿವರಿಸುವ ಶ್ರಮ ಉಳಿಯುತ್ತದೆ. ಒಂದು ಬದಿಗೆ ಮಾತ್ರ ಕೇಳಿಸುವ ಕರೆಯ ಕಾರಣ ಮಾತ್ರ ಸಾಮಾನ್ಯವಾಗಿ ರೂಟರ್‌ನಲ್ಲಿರುತ್ತದೆ: ಸರ್ವರ್ ತನ್ನ ಒಳವಿಳಾಸವನ್ನು ಹೊರಗಿನವರಿಗೆ ಹೇಳುತ್ತಿರುತ್ತದೆ, ಅಥವಾ ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬ ಅತಿಬುದ್ಧಿವಂತ ಸೌಲಭ್ಯ ಸಂದೇಶಗಳನ್ನು ದಾರಿಯಲ್ಲೇ ತಿದ್ದಿ ಕೆಡಿಸುತ್ತಿರುತ್ತದೆ. ಎರಡನೆಯದನ್ನು ನಿಲ್ಲಿಸಿಯೇ ಬಿಡುವುದು ಒಳ್ಳೆಯದು.

ಸುರಕ್ಷತೆಯ ವಿಷಯದಲ್ಲಿ ಈ ತಂತ್ರಾಂಶಗಳು ಬಳಕೆದಾರನಿಂದ ಎಚ್ಚರವನ್ನು ನಿರೀಕ್ಷಿಸುತ್ತವೆ. ಸಿಪ್ ಬಳಸುವ 5060ನೇ ಪೋರ್ಟನ್ನು ಹೊರಜಾಲಕ್ಕೆ ತೆರೆದ ಸ್ವಲ್ಪ ಹೊತ್ತಿನಲ್ಲೇ 100, 101, 102 ಎಂದು ಸರಣಿಯಾಗಿ ಒಳಸಂಖ್ಯೆಗಳನ್ನು ತಡಕುವ ಸಂದೇಶಗಳು ದಾಖಲೆಯಲ್ಲಿ ಕಾಣತೊಡಗುತ್ತವೆ. ಒಂದು ದುರ್ಬಲ ಗುಪ್ತಪದ ಸಿಕ್ಕರೆ ಸಾಕು, ದುಬಾರಿ ದರದ ವಿದೇಶಿ ಸಂಖ್ಯೆಗಳಿಗೆ ರಾತ್ರೋರಾತ್ರಿ ಕರೆಗಳು ಹೊರಡುತ್ತವೆ, ಬಿಲ್ಲು ಸರ್ವರ್‌ನ ಒಡೆಯನ ಹೆಸರಿಗೆ ಬರುತ್ತದೆ. ಪದೇ ಪದೇ ತಪ್ಪು ಗುಪ್ತಪದ ಕೊಡುವ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕುವುದು, ಒಳಸಂಖ್ಯೆಯನ್ನೇ ಬಳಕೆದಾರನ ಹೆಸರಾಗಿ ಇಡದಿರುವುದು, ವಿದೇಶಿ ಕರೆಗೆ ಸೇವಾದಾತರ ಬಳಿಯೇ ಮಿತಿ ಹಾಕಿಸುವುದು ಇವು ಮೊದಲ ದಿನದ ಕೆಲಸಗಳು.

ಮಾತಿನ ಕರೆಯಲ್ಲಿ ಸಿಪ್ ಸಂದೇಶಗಳಿಗೆ ಟಿಎಲ್‌ಎಸ್, ಧ್ವನಿಗೆ ಎಸ್‌ಆರ್‌ಟಿಪಿ ಎಂಬ ಗೂಢಲಿಪೀಕರಣ ಹಾಕಿ ಮುಚ್ಚಬಹುದು, ಎಲ್ಲ ಪ್ರಮುಖ ಸರ್ವರ್‌ಗಳಲ್ಲೂ ಅದಕ್ಕೆ ಅವಕಾಶವಿದೆ. ಟಿ.38ಕ್ಕೆ ಆ ಭಾಗ್ಯವಿಲ್ಲ: ಯುಡಿಪಿಟಿಎಲ್ ಪ್ಯಾಕೆಟ್‌ಗಳನ್ನು ಗೂಢಲಿಪಿಯಲ್ಲಿ ಸಾಗಿಸುವ ಪ್ರಮಾಣಕ ಬರೆದಿಟ್ಟದ್ದು ಇದ್ದರೂ ಆಚರಣೆಯಲ್ಲಿ ಅದು ಕಾಣಸಿಗುವುದು ವಿರಳ, ಹಾಗಾಗಿ ಕಳಿಸಿದ ಪುಟ ದಾರಿಯುದ್ದಕ್ಕೂ ತೆರೆದ ಕಾಗದವಾಗಿಯೇ ಹೋಗುತ್ತದೆ. ಇದಕ್ಕೆ ಹೈಲಾಫ್ಯಾಕ್ಸ್ ಪ್ಲಸ್‌ನ 7ನೇ ಸರಣಿಯಲ್ಲಿ ಎಸ್‌ಎಸ್‌ಎಲ್ ಫ್ಯಾಕ್ಸ್ ಎಂಬ ಒಂದು ಉಪಾಯ ಸೇರಿದೆ. ಎರಡೂ ತುದಿಗಳಲ್ಲಿ ಅದೇ ತಂತ್ರಾಂಶವಿದ್ದರೆ, ಸಾಮಾನ್ಯ ಫ್ಯಾಕ್ಸ್ ಕರೆಯಲ್ಲಿ ಪರಿಚಯವಾದ ಮೇಲೆ ಪುಟದ ಚಿತ್ರವನ್ನು ಗೂಢಲಿಪಿಯ ಅಂತರಜಾಲ ಸಂಪರ್ಕದ ಮೂಲಕ ಬೇರೆಯಾಗಿ ಕಳಿಸಿಬಿಡುತ್ತವೆ. ಒಂದೇ ಸಂಸ್ಥೆಯ ಎರಡು ಶಾಖೆಗಳ ನಡುವೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ, ವೇಗವೂ ಮೋಡೆಮ್‌ನದಲ್ಲ. ಎದುರು ತುದಿಯಲ್ಲಿ ಮೇಜಿನ ಮೇಲೆ ಕುಳಿತ ಹಳೆಯ ಯಂತ್ರವಿದ್ದರೆ ಅದು ಮಾಮೂಲಿ ವಿಧಾನಕ್ಕೇ ಇಳಿಯುತ್ತದೆ, ಗುಟ್ಟಿನ ಪುಟಗಳನ್ನು ಅಂಥ ಸಂಖ್ಯೆಗೆ ಕಳಿಸಬೇಕೋ ಬೇಡವೋ ಎಂಬುದನ್ನು ಕಳಿಸುವವರೇ ನಿರ್ಧರಿಸಬೇಕು.